ಬಣ್ಣ ತಿರುಗುವ ಹನಿ

ಅವಳಿಗೆ ಮೇಷ್ಟ್ರಮ್ಮ ಎಂದು ಅಡ್ಡಹೆಸರಿಟ್ಟವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಅಪ್ಪ. ಮಗು ಇನ್ನೂ ಶಾಲೆಗೆ ಸೇರುವ ಮುಂಚೆಯೇ ಮನೆಯ ಚಪ್ಪಲಿ, ಬೂಟುಗಳನ್ನೆಲ್ಲ ಗೋಡೆಗುಂಟ ಸಾಲಾಗಿ ಕೂರಿಸಿ, ಅಮ್ಮನ ಅಳತೆ ಟೇಪನ್ನು ಬೆತ್ತದ ಹಾಗೆ ಝಳಪಿಸುತ್ತ ಪಾಠ ಹೇಳುತ್ತಿತ್ತಂತೆ. ಅಪ್ಪನ ಎಡಗಾಲ ಬೂಟು ಮಹಾ ದಡ್ಡ, ದಿನಾ ಏಟು ತಿನ್ನುತ್ತಿತ್ತು. "ನಮ್ಮ ಡಿಪೋಗೆ ಕರ್ಕೊಂಡು ಹೋದ್ರೆ ಕೆಟ್ಟು ನಿಂತಿರೋ ಬಸ್ಸಿಗೂ ಮಗ್ಗಿ ಕಲಿಸ್ತಾಳೆ ಇವಳು" ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಹೆಸರು ಅಂಟಿಕೊಂಡಿತು. ಬೀದಿಯವರಿಗೂ ಅವಳು ಮೇಷ್ಟ್ರಮ್ಮನೇ ಆದಳು.

ಆದರೆ ಕಾಲೇಜಿಗೆ ಸೇರಿದ ಮೊದಲ ವರ್ಷ ಆ ಹೆಸರಿನ ಧಿಮಾಕೆಲ್ಲ ಇಳಿದುಹೋಯಿತು. ಕೆಮಿಕಲ್ ಟೆಕ್ನಾಲಜಿ ವಿಭಾಗ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದೂ ರೈಲಿನ ವೇಗದಲ್ಲಿ. ಮುಂದಿನ ಬೆಂಚಿನವರು ತಲೆಯಾಡಿಸುತ್ತಿದ್ದರು, ಇವಳೂ ಆಡಿಸುತ್ತಿದ್ದಳು. ಲ್ಯಾಬಿನಲ್ಲಿ ಯಾವ ಬಾಟಲಿಯನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಗೊತ್ತಿರಲಿಲ್ಲ, ಕೇಳಲು ನಾಚಿಕೆ. ಒಂದು ಸಲ ಪಿಪೆಟ್ ಎಂಬ ಗಾಜಿನ ನಳಿಗೆಯಲ್ಲಿ ಬಾಯಿಂದ ಜೋರಾಗಿ ಎಳೆದು ಸೋಪಿನಂಥ ದ್ರಾವಣವನ್ನು ಬಾಯಿತುಂಬ ತುಂಬಿಕೊಂಡು, ಗಾಜಿನ ಸಾಮಾನು ತೊಳೆಯುವ ಕೋಣೆಗೆ ಓಡಿ ಉಗುಳಿ, ಅಲ್ಲೇ ತೊಟ್ಟಿಯ ಅಂಚಿಗೆ ಒರಗಿ ಅತ್ತಿದ್ದಳು. ಹೊರಗೆ ಯಾರೋ ನಗುತ್ತಿದ್ದರು. ಅವತ್ತು "ಏನಾಯ್ತು?" ಎಂದು ಯಾರಾದರೂ ಒಬ್ಬರು ಬಾಗಿಲು ತಟ್ಟಿದ್ದರೆ ಸಾಕಿತ್ತು ಎಂದು ಅವಳಿಗೆ ಎಷ್ಟೋ ದಿನ ಅನಿಸಿತ್ತು.

ಹಾಗಾಗಿ ಅವಳು ಮೂರನೇ ವರ್ಷಕ್ಕೆ ಬಂದಾಗ ಕಾಲೇಜಿನವರು ಜೊತೆಗಾರ ಯೋಜನೆ ಎಂದೊಂದು ಹೊಸದನ್ನು ಶುರುಮಾಡಿದ್ದೇ ತಡ, ಅವಳೇ ಮೊದಲು ಕೈಯೆತ್ತಿದಳು. ಹಿರಿಯ ವಿದ್ಯಾರ್ಥಿಯೊಬ್ಬರು ಹೊಸಬರಲ್ಲಿ ಇಬ್ಬರು ಮೂವರನ್ನು ವಹಿಸಿಕೊಂಡು, ವಾರಕ್ಕೊಮ್ಮೆ ಕೂತು ಮಾತಾಡಿ, ತಿಳಿಯದ್ದನ್ನು ತಿಳಿಸಿಕೊಡಬೇಕು. ಮೊದಲ ರ‍್ಯಾಂಕಿನವರು ಯಾರೂ ಮುಂದೆ ಬರಲಿಲ್ಲ. ಅವರಿಗೆ ಅವರದೇ ಓದು. "ಅರ್ಧಂಬರ್ಧ ಕಲಿತೋರು ಏನೂ ಕಲೀದೋರಿಗೆ ಹೇಳ್ಕೊಡ್ತಾರಂತೆ" ಎಂದು ಅವಳ ಗೆಳತಿಯೊಬ್ಬಳು ಕಿಚಾಯಿಸಿದಳು. ಮೇಷ್ಟ್ರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳ ಪಾಲಿಗೆ ಮೂವರು ಬಂದರು. ಇಬ್ಬರು ಎರಡು ಸಲ ಮುಖ ತೋರಿಸಿ ಮಾಯವಾದರು. ಉಳಿದವನು ಒಬ್ಬನೇ. ಅವನನ್ನು ಹಾಸ್ಟೆಲಿನಲ್ಲಿ ಗೇಟು ಎಂದು ಕರೆಯುತ್ತಿದ್ದರು, ಯಾಕೆಂದರೆ ಅವನಪ್ಪ ಎಲ್ಲೋ ದೂರದ ಬಯಲಿನಲ್ಲಿ ರೈಲ್ವೆ ಗೇಟು ಕಾಯುವವನು. ಸಣಕಲು ಹುಡುಗ, ಅಂಗಿಯ ಮೇಲಿನ ಗುಂಡಿಯನ್ನೂ ಬಿಡದೆ ಹಾಕಿಕೊಳ್ಳುತ್ತಿದ್ದ. ಲೆಕ್ಕದಲ್ಲಿ ಚುರುಕು. ಅವಳು ಬೋರ್ಡಿನ ಮೇಲೆ ಅರ್ಧ ಬರೆಯುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದ. ಹೇಳಿ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸುತ್ತಿದ್ದ.

"ನನಗಿಂತ ನೀನೇ ಜಾಣ ಕಣೋ. ನಿನಗೆ ನಾನೇನು ಹೇಳಿಕೊಡಲಿ?" ಎಂದಳು ಅವಳು ಒಂದು ದಿನ.

"ಲ್ಯಾಬು ಅಕ್ಕ" ಎಂದ. "ಲ್ಯಾಬು ಒಂದು ಹೇಳಿಕೊಡಿ."

ಲ್ಯಾಬಿನಲ್ಲಿ ಅವನ ಸ್ಥಿತಿ ನೋಡಿದರೆ ಅಯ್ಯೋ ಎನಿಸುತ್ತಿತ್ತು. ಟೈಟ್ರೇಶನ್ ಎಂಬುದು ಅಲ್ಲಿಯ ಮೊದಲ ಪಾಠ. ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಿಂದ ಕೆಳಗಿನ ಫ್ಲಾಸ್ಕಿಗೆ ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. ಯಾವುದೋ ಒಂದು ಹನಿಗೆ ಫ್ಲಾಸ್ಕಿನಲ್ಲಿರುವ ಹಳದಿ ನೀರು ಕೆಂಪಿಗೆ ತಿರುಗುತ್ತದೆ. ಆ ಹನಿಗೇ ಕೈ ನಿಲ್ಲಿಸಿ ಅಳತೆ ನೋಡಬೇಕು. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪು. ಗೇಟು ಪ್ರತಿಸಲವೂ ಹೆಚ್ಚು ಬಿಡುತ್ತಿದ್ದ. ನೀರು ರಕ್ತದ ಹಾಗೆ ಕೆಂಪಾದರೂ ಅವನ ಬೆರಳು ಬಿಗಿಯಾಗುತ್ತಿರಲಿಲ್ಲ. ಆಮೇಲೆ ಪಕ್ಕದವನ ಅಳತೆಯನ್ನು ಕದ್ದು ನೋಡಿ ಅದನ್ನೇ ಬರೆದುಕೊಡುತ್ತಿದ್ದ.

ಬಿಡುವಿದ್ದ ಮಧ್ಯಾಹ್ನಗಳಲ್ಲಿ ಲ್ಯಾಬಿನ ಅಟೆಂಡರಣ್ಣನನ್ನು ಪುಸಲಾಯಿಸಿ ಮೂಲೆಯ ಮೇಜು ಪಡೆದು, ಅವಳು ಅವನಿಗೆ ಅಭ್ಯಾಸ ಮಾಡಿಸಿದಳು. ಎಡಗೈಯಿಂದ ಬ್ಯೂರೆಟ್ಟಿನ ತಿರುಪು ಹಿಡಿಯುವುದು, ಬಲಗೈಯಲ್ಲಿ ಫ್ಲಾಸ್ಕು ತಿರುಗಿಸುವುದು, ಕೊನೆಗೆ ಅರ್ಧ ಹನಿಯನ್ನು ಗಾಜಿಗೆ ಮುಟ್ಟಿಸಿ ಇಳಿಸುವುದು, ಎಲ್ಲ ಕಲಿತ. ಕೈ ಅಂದರೆ ಕೈ, ನಡುಕವೇ ಇಲ್ಲ. ಆದರೂ ಆ ಒಂದು ಹನಿ ಬಂದಾಗ ದಾಟಿ ಹೋಗಿಬಿಡುತ್ತಿದ್ದ.

"ಕಣ್ಣು ಎಲ್ಲಿಟ್ಟಿದ್ದೀಯೋ? ಅಷ್ಟು ಕೆಂಪಗಾಗಿದೆ, ಕಾಣಲ್ವಾ?" ಎಂದು ಒಂದು ದಿನ ತಾಳ್ಮೆಗೆಟ್ಟು ರೇಗಿದಳು.

ಅವನು ಫ್ಲಾಸ್ಕನ್ನು ತೊಳೆದು ಮತ್ತೆ ತಂದಿಟ್ಟ.

ರಜೆಯ ದಿನವೊಂದರಲ್ಲಿ ಅವನನ್ನು ಮನೆಗೆ ಊಟಕ್ಕೆ ಕರೆದಳು. ಹಾಸ್ಟೆಲ್ ಹುಡುಗರಿಗೆ ಮನೆಯೂಟ ಎಂದರೆ ಸಾಕು. ಅವಳ ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಕಿಟಕಿಯ ಬಳಿ ಮಿಷನ್ನು, ಗೋಡೆಗೆ ಹೊಡೆದ ಹಲಗೆಯ ಮೇಲೆ ದಾರದ ಉಂಡೆಗಳು. ಊಟವಾದ ಮೇಲೆ ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಮಿಷನ್ನಿನ ಚಕ್ರ ತಿರುಗುವುದನ್ನು ನೋಡುತ್ತಿದ್ದ. ಅಮ್ಮ ತಲೆಯೆತ್ತದೆ, "ಆ ಹಸಿರು ಉಂಡೆ ಇತ್ತ ಕೊಡಪ್ಪ" ಎಂದಳು.

ಅವನು ಎದ್ದು ಹಲಗೆಯ ಮುಂದೆ ನಿಂತ. ಒಂದು ಉಂಡೆ ತೆಗೆದುಕೊಟ್ಟ. ಇಟ್ಟಿಗೆ ಬಣ್ಣದ್ದು.

"ಹಸಿರು ಅಂದೆ ಕಣಪ್ಪ. ಊಟ ಜಾಸ್ತಿಯಾಗಿ ನಿದ್ದೆ ಬಂತಾ?" ಎಂದು ಅಮ್ಮ ನಕ್ಕಳು.

ಅವನೂ ನಕ್ಕಂತೆ ಮಾಡಿ ಇನ್ನೊಂದು ಕೊಟ್ಟ. ಕಂದು. ಅಮ್ಮ ಈ ಸಲ ನಗಲಿಲ್ಲ. ತಾನೇ ಎದ್ದು ಹಸಿರು ದಾರ ತೆಗೆದುಕೊಂಡಳು. ಒಳಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಮೇಷ್ಟ್ರಮ್ಮ ಹುಡುಗನ ಕುತ್ತಿಗೆಯ ಮೇಲೆ ಬೆವರು ಮೂಡಿದ್ದನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಲ್ಯಾಬಿನಲ್ಲಿ ತಾನು ರೇಗಿದ್ದೂ ನೆನಪಾಯಿತು.

ಬಸ್ ನಿಲ್ದಾಣದವರೆಗೆ ಜೊತೆಗೆ ಹೋದಳು. ದಾರಿಯಲ್ಲಿ ಅವನೇ ಬಾಯಿಬಿಟ್ಟ.

"ಚಿಕ್ಕೋನಿದ್ದಾಗ ಅಪ್ಪ ಒಂದಿನ ಹಸಿರು ಬಾವುಟ ಕೊಡು ಅಂದ್ರು. ನಾನು ಕೆಂಪು ಕೊಟ್ಟೆ. ನೋಡದೇ ಎತ್ತಿ ಹಿಡಿದ್ರು. ಬರ್ತಿದ್ದ ರೈಲು ಕಿರ್ರಂತ ನಿಂತುಬಿಡ್ತು. ಅಪ್ಪನಿಗೆ ಮೇಲಿನವರಿಂದ ಸಿಕ್ಕಾಪಟ್ಟೆ ಬೈಗುಳ. ನನಗೆ ಏಟು. ಆಮೇಲೆ ಅಪ್ಪನೇ ಮನೇಲಿದ್ದ ಬಟ್ಟೆಬರೆ ಎಲ್ಲ ತಂದು ಮುಂದೆ ಹರಡಿ, ಇದ್ಯಾವ ಬಣ್ಣ, ಅದ್ಯಾವ ಬಣ್ಣ ಅಂತ ಕೇಳಿದ್ರು. ಕೇಳ್ತಾ ಕೇಳ್ತಾ ಅತ್ತುಬಿಟ್ರು. ಯಾರ ಹತ್ರಾನೂ ಹೇಳಬೇಡ ಮಗಾ ಅಂದ್ರು."

"ಇಲ್ಲಿ ಸೇರುವಾಗ ಡಾಕ್ಟರು ನೋಡಲಿಲ್ವಾ?"

"ನಾಲಿಗೆ ಚಾಚು ಅಂದ್ರು, ಚಾಚಿದೆ. ಸಹಿ ಹಾಕಿದ್ರು."

ಇಬ್ಬರೂ ನಕ್ಕುಬಿಟ್ಟರು. ಬಸ್ಸು ಬಂದಾಗ ಅವನು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, "ಯಾರಿಗೂ ಹೇಳಬೇಡಿ ಅಕ್ಕ" ಎಂದ.

ಅವಳು ಹೇಳಲಿಲ್ಲ. ಬದಲಿಗೆ ತಲೆ ಓಡಿಸಿದಳು. ಗ್ರಂಥಾಲಯದಲ್ಲಿ ಬೆಳಕು, ಕಣ್ಣು, ಬಣ್ಣ ಎಂದು ಸಿಕ್ಕಿದ್ದನ್ನೆಲ್ಲ ಓದಿ, ಉಡುಗೊರೆ ಕಟ್ಟುವ ಹಸಿರು ಪಾರದರ್ಶಕ ಹಾಳೆಯೊಂದನ್ನು ಅಂಗಡಿಯಿಂದ ತಂದಳು. ಅದನ್ನು ಕಣ್ಣಿಗೆ ಅಡ್ಡ ಹಿಡಿದರೆ ಹಳದಿ ನೀರು ತಿಳಿಯಾಗಿಯೇ ಕಾಣುತ್ತಿತ್ತು, ಕೆಂಪಿಗೆ ತಿರುಗಿದ ಕೂಡಲೇ ಕಪ್ಪಗಾಗುತ್ತಿತ್ತು. ಮೊದಲ ಸಲ ಗೇಟು ಸರಿಯಾದ ಹನಿಗೆ ಕೈ ನಿಲ್ಲಿಸಿದಾಗ ಅವನ ಮುಖ ನೋಡಬೇಕಿತ್ತು. "ಅಕ್ಕ, ಕತ್ತಲೆ ಆಯ್ತು! ಕತ್ತಲೆ ಆಯ್ತು!" ಎಂದು ಕೂಗಿದ. ಅಟೆಂಡರಣ್ಣ ಕರೆಂಟು ಹೋಯಿತೇ ಎಂದು ಓಡಿಬಂದ. ಆ ಕೆಲವು ವಾರಗಳೇ ಅವಳ ಕಾಲೇಜು ಬದುಕಿನ ಒಳ್ಳೆಯ ದಿನಗಳು ಎನ್ನಬೇಕು. ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಓಡಾಡತೊಡಗಿದ್ದ, ಜೋಕು ಹೇಳತೊಡಗಿದ್ದ. ಸೋಮಾರಿಗಳ ಪಾಲಿಗೆ ಎಲ್ಲ ಗೇಟೂ ಮುಚ್ಚಿರುತ್ತೆ, ನಮ್ಮಪ್ಪನ ಗೇಟೊಂದು ಬಿಟ್ಟು, ಅದು ಕೆಟ್ಟು ತೆರೆದೇ ನಿಂತಿದೆ ಎನ್ನುತ್ತಿದ್ದ.

ಆದರೆ ವರ್ಷದ ಕೊನೆಯ ಪರೀಕ್ಷೆ ಬೇರೆ ಊರಿನ ಪರೀಕ್ಷಕರ ಮುಂದೆ. ಅಲ್ಲಿ ಹಾಳೆ ಹಿಡಿದು ನಿಂತರೆ ಏನೆಂದು ಕೇಳದೆ ಬಿಡುತ್ತಾರೆಯೇ? ಅದಕ್ಕಿಂತ ನೇರವಾದ ದಾರಿ ಇತ್ತು. ನೀರಿನ ಆಮ್ಲೀಯತೆಯನ್ನು ಅಂಕಿಯಲ್ಲಿ ತೋರಿಸುವ ಮೀಟರು ವಿಭಾಗದ ಬೀರುವಿನಲ್ಲೇ ಇತ್ತು. ಅದನ್ನು ಬಳಸಲು ಒಪ್ಪಿಗೆ ಸಿಕ್ಕರೆ ಬಣ್ಣದ ಗೊಡವೆಯೇ ಇಲ್ಲ. ವಿಭಾಗದ ಮುಖ್ಯಸ್ಥರು ಒಳ್ಳೆಯವರು ಎಂದು ಹೆಸರಾದವರು.

"ಬೇಡ ಅಕ್ಕ" ಎಂದ ಗೇಟು. "ಹೇಗೋ ಆಗುತ್ತೆ. ಹಾಳೇನ ಒಂದು ಕನ್ನಡಕ ತಗೊಂಡು ಅದಕ್ಕೆ ಅಂಟಿಸ್ಕೊಳ್ತೀನಿ."

"ಎಷ್ಟು ವರ್ಷ ಹೀಗೆ ಕದ್ದುಮುಚ್ಚಿ? ನೀನೇನು ಕಳ್ಳತನ ಮಾಡಿದ್ದೀಯಾ? ಕೇಳಿದ್ರೆ ಏನು ಹೋಗುತ್ತೆ?"

ಅವನು ಹಸಿರು ಹಾಳೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕೊನೆಗೆ, "ನಿಮ್ಮಿಷ್ಟ ಅಕ್ಕ" ಎಂದ.

ಅದು ಒಪ್ಪಿಗೆ ಎಂದು ಅವಳು ತಿಳಿದಳು. ಮರುದಿನವೇ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಕುರ್ಚಿ ತೋರಿಸಿ ಕೂರಿಸಿದರು, ಪೂರ್ತಿ ಕೇಳಿದರು, ನಡುವೆ ಒಂದು ಸಲವೂ ಗಡಿಯಾರ ನೋಡಲಿಲ್ಲ. "ತುಂಬ ಒಳ್ಳೇ ಕೆಲಸ ಮಾಡಿದ್ದೀಯಮ್ಮ. ಇಂಥ ಯೋಜನೆಯಿಂದ ಇಂಥದ್ದೇ ಆಗಬೇಕು ಅಂತ ನಮ್ಮಾಸೆ. ನಾನು ನೋಡ್ತೀನಿ" ಎಂದರು. ಅವಳು ಅಲ್ಲಿಂದ ಹಾರುತ್ತಲೇ ಹೊರಬಂದಳು.

ಅವರು ನೋಡಿದರು. ಮೇಲಿನವರನ್ನು ಕೇಳಿದರು. ಮೇಲಿನವರು ಕಣ್ಣಿನ ಡಾಕ್ಟರ ಬಳಿಗೆ ಕಳಿಸಿ ಎಂದರು. ಡಾಕ್ಟರು ಚುಕ್ಕೆಗಳ ಪುಸ್ತಕ ತೆರೆದು, ಚುಕ್ಕೆಗಳ ನಡುವೆ ಯಾವ ಅಂಕಿ ಕಾಣುತ್ತದೆ ಎಂದು ಪುಟಪುಟಕ್ಕೂ ಕೇಳಿದರು. ಅವನಿಗೆ ಬರೀ ಚುಕ್ಕೆಗಳೇ ಕಂಡವು. ಆಮೇಲೆ ಎಲ್ಲೋ ಹಳೆಯ ನಿಯಮವೊಂದು ಎದ್ದು ಕೂತಿತು: ಬಣ್ಣ ಗುರುತಿಸಲಾಗದವರು ಈ ವಿಭಾಗಕ್ಕೆ ಅನರ್ಹರು. ಆ ನಿಯಮ ಇದೆಯೆಂದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಅದನ್ನು ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಹುಡುಗನ ಪ್ರವೇಶ ರದ್ದಾಯಿತು.

ಮೇಷ್ಟ್ರಮ್ಮ ಓಡಿದಳು. ಮುಖ್ಯಸ್ಥರು ಈ ಸಲ ನಿಂತೇ ಮಾತಾಡಿದರು.

"ಸರ್, ಮೀಟರ್ ಇದೆಯಲ್ಲ ಸರ್. ಅದರಲ್ಲಿ ಮಾಡ್ತಾನೆ. ನಾನು ಮಾಡಿಸಿ ತೋರಿಸ್ತೀನಿ."

"ನನಗೂ ಗೊತ್ತಮ್ಮ, ಮಾಡ್ತಾನೆ. ನಾಳೆ ಫ್ಯಾಕ್ಟರೀಲಿ ಕೆಂಪು ದೀಪ ಹತ್ತಿದಾಗ ಇವನಿಗೆ ಕಾಣದೇ ಏನಾದ್ರೂ ಆದ್ರೆ, ಗೊತ್ತಿದ್ದೂ ಯಾಕೆ ಇಟ್ಕೊಂಡ್ರಿ ಅಂತ ಯಾರನ್ನ ಕೇಳ್ತಾರೆ?"

"ಬೇರೆ ವಿಭಾಗಕ್ಕಾದ್ರೂ ಹಾಕಿ ಸರ್. ಲೆಕ್ಕದಲ್ಲಿ ಅವನ ಸಮ ಇಲ್ಲ."

"ಎಲ್ಲ ಭರ್ತಿ. ಮುಂದಿನ ವರ್ಷ ಮತ್ತೆ ಪ್ರವೇಶ ಪರೀಕ್ಷೆ ಬರೀಲಿ." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀನು ನನಗೆ ಹೇಳದೇ ಇದ್ದಿದ್ರೆ ಚೆನ್ನಾಗಿರ್ತಿತ್ತಮ್ಮ."

ಗೇಟು ಅವಳನ್ನು ಬೈಯಲಿಲ್ಲ. ಮೂಲೆಯ ಮೇಜಿಗೆ ಬರುವುದನ್ನು ನಿಲ್ಲಿಸಿದ, ಅಷ್ಟೆ. ಅವನನ್ನು ಕರೆದೊಯ್ಯಲು ಅವನಪ್ಪ ಬಂದ ದಿನ ಅವಳು ಹಾಸ್ಟೆಲಿನ ಮುಂದೆ ನಿಂತಿದ್ದಳು. ಕೆಲಸದಿಂದ ನೇರ ಬಂದಿರಬೇಕು, ಮೈಮೇಲೆ ಸಮವಸ್ತ್ರ, ಬೂಟಿನ ತುಂಬ ಕೆಂಧೂಳು. ಮಗನ ಹಾಸಿಗೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದ ಆತ, ಕೆಳಗೆ ಅವಳನ್ನು ಕಂಡು ನಿಂತ.

"ನೀವೇನಾ ಅಕ್ಕ ಅಂದ್ರೆ? ಊರಿಗೆ ಬಂದಾಗೆಲ್ಲ ನಿಮ್ಮದೇ ಮಾತು ಇವನದು. ಇಷ್ಟೆಲ್ಲ ಹೇಳಿಕೊಟ್ರಿ, ನಿಮ್ಮ ಋಣ ದೊಡ್ಡದು ತಾಯಿ" ಎಂದು ಒಂದೇ ಕೈಯಲ್ಲಿ ಮುಗಿದ. ಆಮೇಲೆ ದನಿ ತಗ್ಗಿಸಿ, "ಇಷ್ಟು ದಿನ ಯಾರಿಗೂ ಗೊತ್ತಾಗದ್ದು ಈಗ ಹೇಗೆ ಗೊತ್ತಾಯ್ತಮ್ಮ? ಯಾರೋ ಹೊಟ್ಟೆಕಿಚ್ಚಿನೋರು ಹೇಳಿರಬೇಕು" ಎಂದ.

ಹೇಳಿದ್ದು ನಾನೇ ಎನ್ನಲು ಅವಳು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಬಂದ ಗೇಟು, "ಯಾರೂ ಹೇಳಿಲ್ಲಪ್ಪ. ಎಲ್ಲರಿಗೂ ಕಣ್ಣಿನ ಪರೀಕ್ಷೆ ಮಾಡಿದ್ರು, ನಾನು ಸಿಕ್ಕಿಬಿದ್ದೆ. ನಡೀರಿ, ಬಸ್ಸು ಹೋಗುತ್ತೆ" ಎಂದ. ಅವಳ ಮುಖ ನೋಡದೆ ಅಪ್ಪನ ಹಿಂದೆ ನಡೆದ. ಅವಳು ಎಳೆದುಕೊಂಡ ಉಸಿರು ಹಾಗೇ ಉಳಿಯಿತು.

ಆ ವರ್ಷದ ಸಮಾರಂಭದಲ್ಲಿ ಉತ್ತಮ ಜೊತೆಗಾತಿ ಎಂದು ಅವಳಿಗೇ ಬಹುಮಾನ ಬಂತು. ಹೊಸ ವಿದ್ಯಾರ್ಥಿಯ ತೊಂದರೆಯನ್ನು ಬೇಗ ಪತ್ತೆಹಚ್ಚಿ ಸಂಬಂಧಪಟ್ಟವರ ಗಮನಕ್ಕೆ ತಂದದ್ದಕ್ಕಾಗಿ ಎಂದು ವೇದಿಕೆಯ ಮೇಲೆ ಓದಿದರಂತೆ. ಅವಳು ಹೋಗಿರಲಿಲ್ಲ. ಕಿಚಾಯಿಸುತ್ತಿದ್ದ ಗೆಳತಿಯೇ ಅವಳ ಪರವಾಗಿ ಅದನ್ನು ಇಸಿದುಕೊಂಡು ಮನೆಗೆ ತಂದಳು. ಗಾಜಿನದು. ವಿಷಯ ತಿಳಿದಿದ್ದ ಅಮ್ಮ ಅದನ್ನು ಅಲ್ಮೇರದ ಹಿಂದಕ್ಕೆ ಸರಿಸಿದಳು. ತಿಳಿಯದಿದ್ದ ಅಪ್ಪ ಮತ್ತೆ ಮುಂದಕ್ಕೆ ಇಟ್ಟ. ಆ ರಾದ್ಧಾಂತದಲ್ಲೇ ಅಪ್ಪನಿಗೂ ತಿಳಿಯಿತು.

"ನೀನು ಒಳ್ಳೇದಕ್ಕೇ ಅಲ್ವೇನೇ ಮಾಡಿದ್ದು?" ಎಂದ ಅಪ್ಪ.

"ಹೌದಪ್ಪ. ಅದನ್ನ ಅವನಿಗೆ ಹೇಗೆ ಹೇಳೋದು?"

ರಜೆಯಲ್ಲಿ ಅವಳು ಒಬ್ಬಳೇ ಆ ಊರು ಹುಡುಕಿಕೊಂಡು ಹೋದಳು. ಪ್ರವೇಶ ಪರೀಕ್ಷೆಯ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡಿದ್ದಳು. ರೈಲ್ವೆ ಗೇಟಿನ ಪಕ್ಕದ ಒಂಟಿ ಮನೆಯಲ್ಲಿ ಅವನಿರಲಿಲ್ಲ. ಹತ್ತಿರದ ಸುಣ್ಣದ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದ್ದ. ಭಟ್ಟಿಯ ಅಂಗಳದಲ್ಲಿ ಎಲ್ಲವೂ ಬೆಳ್ಳಗಿತ್ತು, ನೆಲ, ಗೋಡೆ, ಜನರ ಕೂದಲು. ಅವನು ಮೂಗಿಗೆ ಕಟ್ಟಿದ್ದ ಬಟ್ಟೆ ಇಳಿಸಿದಾಗಲೇ ಅವಳಿಗೆ ಗುರುತು ಸಿಕ್ಕಿದ್ದು.

"ಇಲ್ಲಿ ಬಣ್ಣದ ತಕರಾರೇ ಇಲ್ಲ ಅಕ್ಕ, ನೋಡಿ" ಎಂದ. ನಗಿಸಲು ಹೇಳಿದನೋ ಏನೋ, ಅವಳಿಗೆ ನಗು ಬರಲಿಲ್ಲ.

ಪುಸ್ತಕಗಳನ್ನು ಕೊಟ್ಟಳು. ಲೆಕ್ಕದ ವಿಭಾಗ, ಕಂಪ್ಯೂಟರಿನ ವಿಭಾಗ, ಎಲ್ಲೆಲ್ಲಿ ನಿಯಮವಿಲ್ಲವೋ ವಿಚಾರಿಸಿಕೊಂಡು ಬಂದಿದ್ದೇನೆ ಎಂದಳು. ಅವನು ಕೈ ಒರೆಸಿಕೊಂಡು ಪುಟ ತಿರುಗಿಸಿದ. ಅಂಚಿಗೆಲ್ಲ ಬಿಳಿ ಬೆರಳಚ್ಚು ಮೂಡಿತು. ಮುಚ್ಚಿ ಅವಳ ಚೀಲದ ಮೇಲೆಯೇ ಇಟ್ಟ.

"ಆಗಲ್ಲ ಅಕ್ಕ."

"ಯಾಕೋ? ನಿನ್ನ ಕೈಲಿ ಆಗದ್ದೇನಿದೆ?"

"ಕೈಲಾಗುತ್ತೆ. ಮನಸ್ಸಿಲ್ಲ." ಸ್ವಲ್ಪ ಹೊತ್ತು ಭಟ್ಟಿಯ ಕಡೆ ನೋಡಿದ. "ನಿಮ್ಮ ಮೇಲೆ ಕೋಪ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ನಾನು ಹೇಗೋ ಪಾಸಾಗ್ತಿದ್ದೆ ಅಕ್ಕ. ಕದ್ದೋ ಮುಚ್ಚಿಯೋ, ಆಗ್ತಿದ್ದೆ. ನೀವು ನೆಟ್ಟಗೆ ದಾರಿ ಇದೆ ಅಂದ್ರಿ. ನೆಟ್ಟಗಿನ ದಾರಿ ನಮ್ಮಂಥೋರಿಗೆ ಇರುತ್ತೆ ಅಂತ ನಾನೂ ನಂಬಿಬಿಟ್ಟೆ."

ಅವಳು ಕ್ಷಮಿಸು ಎಂದಳು. ಅವನು ತಲೆಯಾಡಿಸಿದ. ಕ್ಷಮಿಸಿದೆ ಎಂದೋ, ಆಗದು ಎಂದೋ ಅವಳಿಗೆ ತಿಳಿಯಲಿಲ್ಲ. ಮೇಸ್ತ್ರಿ ಕೂಗಿದ. ಅವನು ಬಟ್ಟೆಯನ್ನು ಮತ್ತೆ ಮೂಗಿಗೆ ಏರಿಸಿಕೊಂಡು ಹೋದ. ಪುಸ್ತಕಗಳನ್ನು ಅವನ ಮನೆಯಲ್ಲಿ ಬಿಟ್ಟು ಬರೋಣವೆಂದುಕೊಂಡಳು. ಬಾಗಿಲಲ್ಲಿ ಅವನಮ್ಮ ಒಗೆದ ಬಟ್ಟೆ ಹಿಂಡುತ್ತ ನಿಂತಿದ್ದನ್ನು ನೋಡಿ, ಚೀಲ ಹೊತ್ತುಕೊಂಡು ಹಾಗೇ ಹಿಂತಿರುಗಿದಳು.

ಮೇಷ್ಟ್ರಮ್ಮ ಓದು ಮುಗಿಸಿದಳು. ನಡುವಿನ ಅಂಕಗಳು. ನಗರದ ನೀರು ಸರಬರಾಜಿನ ಪರೀಕ್ಷಾಲಯದಲ್ಲಿ ಕೆಲಸ ಸಿಕ್ಕಿತು. ಬಡಾವಣೆ ಬಡಾವಣೆಗಳಿಂದ ಬಂದ ಬಾಟಲಿಗಳ ನೀರನ್ನು ದಿನವಿಡೀ ಪರೀಕ್ಷಿಸುವುದು. ಮೊದಮೊದಲು ಬಿಡುವು ಸಿಕ್ಕಾಗಲೆಲ್ಲ ಕಾಲೇಜಿಗೆ, ಮೇಲಿನ ಕಚೇರಿಗೆ ಅಲೆದಳು. ಆ ನಿಯಮ ತೆಗೆಯಿರಿ, ಇಲ್ಲವೇ ಮೀಟರ್ ಬಳಸಲು ಬಿಡಿ ಎಂದು ಕಂಡವರ ಮುಂದೆಲ್ಲ ಹೇಳಿದಳು. ಕೆಲವರು ಪಾಪ ಎಂದರು. ಕೆಲವರು ಪರಿಶೀಲಿಸುತ್ತೇವೆ ಎಂದರು. ಗೋಡೆಗೆ ಹೇಳಿದರೆ ಸುಣ್ಣವಾದರೂ ಉದುರುತ್ತದೆ, ಇವರಿಂದ ಅದೂ ಇಲ್ಲ ಎಂದು ಅಮ್ಮ ಸಿಡುಕುತ್ತಿದ್ದಳು.

ಆದರೆ ಏನೂ ಆಗಲಿಲ್ಲ ಎನ್ನುವಂತಿಲ್ಲ. ಕೆಲವು ವರ್ಷಗಳ ಮೇಲೆ ಮುಖ್ಯಸ್ಥರು ಒಂದು ದಿನ ಮಾರುಕಟ್ಟೆಯಲ್ಲಿ ಸಿಕ್ಕರು. ನಿವೃತ್ತಿಯ ಅಂಚಿನಲ್ಲಿದ್ದರು, ಕೂದಲೆಲ್ಲ ನೆರೆತಿತ್ತು. ಅವಳನ್ನು ಕಂಡು ನಿಜವಾಗಿ ಸಂತೋಷಪಟ್ಟರು.

"ನೀನು ಅಷ್ಟು ಓಡಾಡಿದ್ದು ವ್ಯರ್ಥ ಆಗಲಿಲ್ಲಮ್ಮ. ಈಗ ಸೇರೋ ದಿನವೇ ಬಾಗಿಲಲ್ಲೇ ಎಲ್ಲರಿಗೂ ಚುಕ್ಕೆ ಪರೀಕ್ಷೆ. ನಿಯಮಾನೂ ಮೊದಲನೇ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸಿದೀವಿ. ಆ ಹುಡುಗನಿಗಾದ ಹಾಗೆ ನಡುವಲ್ಲಿ ಕೈಕೊಟ್ಟು ಕಳಿಸೋದು ತಪ್ಪಿತು. ಇನ್ನು ಯಾರಿಗೂ ಮೋಸ ಆಗಲ್ಲ."

"ಎಷ್ಟು ಜನ ವಾಪಸು ಹೋಗ್ತಾರೆ ಸರ್?"

"ವರ್ಷಕ್ಕೆ ಒಬ್ಬಿಬ್ಬರು. ಅಷ್ಟೇ."

ಅವರು ಮನೆಯವರ ಕ್ಷೇಮ ವಿಚಾರಿಸಿದರು, ಅವಳೂ ವಿಚಾರಿಸಿದಳು. ಜೊತೆಗಾರ ಯೋಜನೆ ಈಗಲೂ ನಡೆಯುತ್ತಿದೆ, ಹೊಸ ಜೊತೆಗಾರರಿಗೆ ಬಂದು ನಾಲ್ಕು ಮಾತು ಹೇಳುತ್ತೀಯಾ ಎಂದು ಅವರು ಕೇಳಿದರು. ಬಿಡುವಿಲ್ಲ ಸರ್ ಎಂದಳು. ಅವರು ಹೋದ ಮೇಲೆ ತರಕಾರಿಯವಳ ಮುಂದೆ ನಿಂತು, ತಾನು ಏನು ಕೊಳ್ಳಲು ಬಂದಿದ್ದೆ ಎಂಬುದು ನೆನಪಾಗದೆ ಬರಿಗೈಯಲ್ಲಿ ಮನೆಯ ದಾರಿ ಹಿಡಿದಳು.